ಮೂರನೇ ಬಾಟಲಿಯ ವಾಸನೆ

ತೊಂಬತ್ತರ ದಶಕದಲ್ಲಿ ಸಿಂಧನೂರಿನ ನಮ್ಮ ಶಾಲೆಗೆ ಒಂದೇ ಒಂದು ಕಂಪ್ಯೂಟರ್ ಬಂತು. ಲಿಂಗಸುಗೂರಿನಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋಗಿ ಬಂದಿದ್ದ ನಾನೇ ಅದಕ್ಕೆ ಟೀಚರು. ಹಾಳೂರಿಗೆ ಉಳಿದವನೇ ಗೌಡ.

ಮಕ್ಕಳಿಗೆ ಅಕ್ಷರದ ಆಟ ಮಾಡಲು ಹೊರಟೆ. ಕಪ್ಪು ಪರದೆಯ ಮೇಲೆ ನಾನು ಬಿಡಿಸಿದ ನಿಂಬೆಹಣ್ಣೂ ಕಲ್ಲೂ ಒಂದೇ ಥರ ಕಾಣುತ್ತಿದ್ದವು. ಸಿಟ್ಟು ಬಂದು ಚಿತ್ರ ಬಿಟ್ಟು ವಾಸನೆ ಹಿಡಿದೆ. ಖಾಲಿ ಇಂಜೆಕ್ಷನ್ ಬಾಟಲಿಗಳನ್ನು ತೊಳೆದು, ಒಂದರಲ್ಲಿ ನಿಂಬೆಸಿಪ್ಪೆ, ಇನ್ನೊಂದರಲ್ಲಿ ಹುರಿದ ಜೀರಿಗೆ, ಮೂರನೆಯದರಲ್ಲಿ ಅರೆದ ಸಾಸಿವೆ ಹಾಕಿದೆ. ಕೀಲಿಗಳ ಮೇಲೆ ಕನ್ನಡ ಅಕ್ಷರದ ಚೀಟಿ ಅಂಟಿಸಿದೆ. ಪರದೆಯಲ್ಲಿ ಬಾಟಲಿಯ ನಂಬರ್ ಬಂದಾಗ ಮೂಸಿ ನೋಡಿ ಹೆಸರಿನ ಮೊದಲ ಅಕ್ಷರ ಒತ್ತಬೇಕು. ಸರಿಯಿದ್ದರೆ ಪೀಂ ಎನ್ನುವ ಸದ್ದು, ತಪ್ಪಿದ್ದರೆ ಗೊರ್.

"ಏನ್ರೀ ಮೇಡಂ, ಕಂಪ್ಯೂಟರ್‌ಗೆ ಒಗ್ಗರಣಿ ಹಾಕಾಕತ್ತೀರೇನು?" ಎಂದು ಹೆಡ್‌ಮಾಸ್ತರು ದಿನಾ ಕಾಡುತ್ತಿದ್ದರು. ಆ ಕೋಣೆಯ ಘಮ ನೆನೆದರೆ ಇವತ್ತಿಗೂ ನನಗೆ ನಗು ಬರುತ್ತದೆ.

ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನಿಂದ ಬರುತ್ತಿದ್ದ ಬಂಗಾಲಿ ಹುಡುಗಿಯೊಬ್ಬಳು ಇಡೀ ವರ್ಷ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಈ ಆಟದಲ್ಲಾದರೂ ಅವಳನ್ನು ಮಾತಾಡಿಸಬೇಕು ಎಂಬ ಹಟ ನನಗೆ. "ಬಾರವ್ವ, ಮೂಸಿ ನೋಡು" ಎಂದು ಕರೆದೆ. ಮೂರನೇ ಬಾಟಲಿ ಮೂಸಿದ್ದೇ ತಡ, ಅವಳ ಮುಖ ಅರಳಿತು. ಹಿಂದೆಮುಂದೆ ನೋಡದೆ 'ಮ' ಒತ್ತಿ, "ಮೀನು!" ಎಂದಳು.

ಕಂಪ್ಯೂಟರ್ ಗೊರ್ ಎಂದಿತು.

"ಅಕ್ಕೋರ, ಈಕಿ ಸಾಸಿವಿಗೆ ಮೀನ ಅಂತಾಳ್ರೀ!" ಎಂದು ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸಾಲದ್ದಕ್ಕೆ, "ನೆಗಡಿ ಆಗ್ಯಾದೇನವ್ವ ನಿನಗ?" ಎಂದೂ ಕೇಳಿದೆ.

ಮರುದಿನದಿಂದ ಅವಳು ಬರಲಿಲ್ಲ. ನಾಲ್ಕನೇ ದಿನ ಬಸ್ಸು ಹತ್ತಿ ಕ್ಯಾಂಪಿಗೆ ಹೋದೆ. ಅವರ ಅಂಗಳಕ್ಕೆ ಕಾಲಿಟ್ಟ ಕೂಡಲೇ ನನ್ನ ಮೂರನೇ ಬಾಟಲಿಯ ವಾಸನೆ ಬಂತು. ಹುಡುಗಿಯ ತಾಯಿ ಕಲ್ಲಿನ ಮೇಲೆ ಸಾಸಿವೆ ಅರೆಯುತ್ತಿದ್ದರು, ಪಕ್ಕದ ತಟ್ಟೆಯಲ್ಲಿ ತೊಳೆದಿಟ್ಟ ಮೀನು. ಮಸ್ಕಿಯ ನಮ್ಮ ಮನೆಯಲ್ಲಿ ಅರೆದ ಸಾಸಿವೆ ಎಂದರೆ ಮಾವಿನ ಉಪ್ಪಿನಕಾಯಿ. ಮೀನು ಬೇಯಿಸದ ಮನೆಯವಳಿಗೆ ಇದೆಲ್ಲ ಹೇಗೆ ಹೊಳೆಯಬೇಕು?

"ಟೀಚರ್, ನಮ್ ಹುಡುಗಿ ದಡ್ಡಿ ಏನ್ರಿ?" ಎಂದು ಆ ತಾಯಿ ಹರುಕು ಕನ್ನಡದಲ್ಲಿ ಕೇಳಿದರು. ನನಗೆ ನಾಚಿಕೆಯಾಯಿತು.

"ಇಲ್ರಿ, ದಡ್ಡಿ ಅಂದ್ರ ನಾನು. ನಾಳಿಗಿ ಸಾಲಿಗಿ ಕಳಸ್ರಿ" ಎಂದೆ.

ಮರುದಿನ ಬೆಳಿಗ್ಗೆ ಬೇಗ ಶಾಲೆಗೆ ಹೋಗಿ ಪ್ರೋಗ್ರಾಮ್ ತಿದ್ದಿದೆ. ಮೂರನೇ ಬಾಟಲಿಗೆ 'ಸ' ಒತ್ತಿದರೂ ಪೀಂ, 'ಮ' ಒತ್ತಿದರೂ ಪೀಂ. ಹುಡುಗಿ ಬಂದಳು. ಎಲ್ಲರ ಮುಂದೆ ಅವಳನ್ನೇ ಮೊದಲು ಕರೆದು ಮೂರನೇ ಬಾಟಲಿ ಕೊಟ್ಟೆ.

ಅವಳು ಬಾಟಲಿಯನ್ನು ಮೂಗಿನ ಹತ್ತಿರಕ್ಕೂ ಒಯ್ಯಲಿಲ್ಲ. ನನ್ನ ಮುಖ ನೋಡುತ್ತ 'ಸ' ಒತ್ತಿ, "ಸಾಸಿವಿ ರೀ" ಎಂದಳು, ಅಚ್ಚುಕಟ್ಟಾಗಿ, ನಮ್ಮ ಕನ್ನಡದಲ್ಲಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನಿಂದಾಗಲಿಲ್ಲ.