ಮೊದಲ ಏರಿನ ನಂತರದ ತಗ್ಗು

ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಲ್ಯಾಬಿನಲ್ಲಿ ಒಂದು ಮೋಟಾರಿತ್ತು. ಅದು ತಿರುಗಿಸುವ ತಟ್ಟೆಗೆ ಸಂಡೂರಿನ ಅದಿರುಗಲ್ಲೊಂದನ್ನು ತಂತಿಯಿಂದ ಕಟ್ಟಿದ್ದರು. ಯಂತ್ರದ ಜೊತೆ ಬಂದಿದ್ದ ಹಿತ್ತಾಳೆಯ ತೂಕ ಯಾವ ಕಾಲದಲ್ಲೋ ಕಳೆದುಹೋಗಿತ್ತಂತೆ. ಹೊಸದಕ್ಕೆ ಅರ್ಜಿ ಬರೆದು ಕಾಯುತ್ತ ಕೂರುವ ಜಾಯಮಾನ ನಮ್ಮ ಇನ್‌ಸ್ಟ್ರಕ್ಟರ್ ಅವರದಲ್ಲ. ರಸ್ತೆಯಲ್ಲಿ ಲಾರಿಯಿಂದ ಉರುಳಿದ್ದ ಅದಿರನ್ನು ಎತ್ತಿಕೊಂಡು ಬಂದು, ತಕ್ಕಡಿಯಲ್ಲಿ ತೂಗಿ, ಬೇಕಾದಷ್ಟು ತೂಕ ಉಳಿಯುವವರೆಗೆ ಅರದಿಂದ ಉಜ್ಜಿ, ಕಟ್ಟಿಬಿಟ್ಟಿದ್ದರು. ನೋಡಲು ಮುಷ್ಟಿಯಷ್ಟು ಕಲ್ಲು, ಎತ್ತಿದರೆ ಕೈ ಜೋಲಬೇಕು ಅಷ್ಟು ಭಾರ. ಮುಟ್ಟಿದವರ ಬೆರಳೆಲ್ಲ ಕೆಂಪು. ಹೊಸಪೇಟೆಯಲ್ಲಿ ಓದುವವರಿಗೆ ಕೆಂಪು ಧೂಳು ಹೊಸದಲ್ಲವಾದ್ದರಿಂದ ನಾವ್ಯಾರೂ ಆ ಕಲ್ಲನ್ನು ಎರಡನೇ ಸಲ ನೋಡಿರಲಿಲ್ಲ.

ಪ್ರಯೋಗವೇನೋ ಸರಳ. ಒಂದು ಗುಂಡಿಯನ್ನು ಸೊನ್ನೆಯಿಂದ ಅರವತ್ತು ಡಿಗ್ರಿಗೆ ಥಟ್ಟನೆ ತಿರುಗಿಸಬೇಕು. ತಟ್ಟೆಯೂ ಅರವತ್ತಕ್ಕೆ ಹೋಗಿ ನಿಲ್ಲಬೇಕು. ಆದರೆ ಅದು ಹೇಳಿದಲ್ಲಿ ಒಮ್ಮೆಲೇ ನಿಲ್ಲುವ ಪೈಕಿ ಅಲ್ಲ. ಭರದಲ್ಲಿ ಗುರಿ ದಾಟುತ್ತದೆ, ಹಿಂದೆ ಬರುತ್ತದೆ, ತುಸು ಹೆಚ್ಚೇ ಬಂದೆನೆಂದು ಮತ್ತೆ ಮುಂದಕ್ಕೆ ಹೋಗುತ್ತದೆ, ಹೀಗೆ ಓಲಾಡಿ ಓಲಾಡಿ ಕೊನೆಗೆ ಕೂರುತ್ತದೆ. ಆ ಕ್ಷಣಮಾತ್ರದ ಓಲಾಟಕ್ಕೇ ಟ್ರಾನ್ಸಿಯೆಂಟ್ ರೆಸ್ಪಾನ್ಸ್ ಅನ್ನುವುದು. ಅದು ತೆರೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಗೆರೆಯನ್ನು ಓದಿ, ಚುಕ್ಕೆ ಚುಕ್ಕೆಯಾಗಿ ಗ್ರಾಫ್ ಹಾಳೆಗೆ ಇಳಿಸಿ, ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿ ಸಹಿ ಮಾಡಿಸಿಕೊಳ್ಳಬೇಕು.

ಇನ್‌ಸ್ಟ್ರಕ್ಟರ್ ಕಂಪ್ಲಿಯವರು. ಹರೆಯದಲ್ಲಿ ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದು, ಆಮೇಲೆ ಡಿಪ್ಲೊಮಾ ಓದಿ ಕಾಲೇಜು ಸೇರಿದವರು. ಪಾಠ ಹೇಳುವ ಅಧಿಕಾರ ಅವರಿಗಿರಲಿಲ್ಲ, ಅದು ಪ್ರೊಫೆಸರುಗಳದು. ಆದರೆ ಬೋರ್ಡಿನ ತುಂಬ ಸಮೀಕರಣ ಬರೆದವರಿಂದ ತಿಳಿಯದ್ದು ಇವರ ಎರಡು ಮಾತಿನಲ್ಲಿ ತಿಳಿಯುತ್ತಿತ್ತು.

"ಕಾಲುವಿ ತೂಬು ಒಮ್ಮಿಗೇ ಎತ್ತಿದ್ರ ನೀರು ಏನ್ ಮಾಡತೈತಿ? ಮೊದ್ಲು ಬದು ಹಾರತೈತಿ. ಆಮ್ಯಾಲೆ ತನ್ನ ಮಟ್ಟಕ್ಕ ತಾ ಬರತೈತಿ. ಅದಕ್ಕ ನಮ್ಮೂರ ನೀರಗಂಟಿ ತೂಬು ಸಣ್ಣಗ ಎತ್ತತಾನ. ಅಂವಗೆ ನಿಮ್ಮ ಲಾಪ್ಲಾಸ್ ಲೆಕ್ಕ ಗೊತ್ತಿಲ್ಲ, ನೀರು ಗೊತ್ತೈತಿ" ಅನ್ನುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು ಅವರಿಗೆ. ಯಾವ ಯಂತ್ರವನ್ನು ಚಾಲೂ ಮಾಡಿದರೂ ಮೊದಲು ಅದರ ಮೈಮೇಲೆ ಅಂಗೈ ಇಡುವುದು. ಗಿರಣಿಯಲ್ಲಿ ಕಲಿತದ್ದು. "ಕಣ್ಣಿಗೆ ಕಾಣೂಕಿಂತ ಮೊದ್ಲ ಕೈಗೆ ತಿಳೀತೈತಿ" ಎನ್ನುವುದು ಅವರ ಮಂತ್ರ. ನಾವು ಬೆನ್ನ ಹಿಂದೆ ನಗುತ್ತಿದ್ದೆವು. ಮೋಟಾರಿಗೆ ಜ್ವರ ನೋಡ್ತಾರೆ ಅಂತ ಗೇಲಿ ಶುರು ಮಾಡಿದವಳೂ ನಾನೇ.

ನಮ್ಮ ಕಾಲೇಜಿನ ದೊಡ್ಡ ಗುಟ್ಟೆಂದರೆ ಚಿನ್ನದ ರೆಕಾರ್ಡು. ಎಷ್ಟೋ ವರ್ಷದ ಹಿಂದೆ ಯಾರೋ ಒಬ್ಬ ಅಣ್ಣ ಬರೆದ ಪುಸ್ತಕ. ಬ್ಯಾಚಿನಿಂದ ಬ್ಯಾಚಿಗೆ ಕೈ ಬದಲಾಯಿಸುತ್ತ ಬಂದು ಮೂಲೆಗಳೆಲ್ಲ ಉದುರಿಹೋಗಿದ್ದವು. ಪಡೆಯುವ ಬ್ಯಾಚು ಕೊಡುವ ಬ್ಯಾಚಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ, ಮಂಡಕ್ಕಿ ಒಗ್ಗರಣೆ ತಿನ್ನಿಸಬೇಕು, ಅದು ಪದ್ಧತಿ. ಎರಡು ಸ್ಟೂಲಿನ ನಡುವೆ ಗಾಜಿನ ಹಾಳೆ ಇಟ್ಟು, ಕೆಳಗೆ ಮೊಬೈಲ್ ಟಾರ್ಚ್ ಹಚ್ಚಿ, ಚಿನ್ನದ ಗ್ರಾಫಿನ ಮೇಲೆ ನಮ್ಮ ಹಾಳೆ ಇಟ್ಟು ಗೆರೆ ಎಳೆದರೆ ಪ್ರಯೋಗ ಮುಗಿಯಿತು. ಲ್ಯಾಬಿನಲ್ಲಿ ಮೋಟಾರು ಓಡುವುದು ಬರೀ ಶಾಸ್ತ್ರಕ್ಕೆ. ಹೊರಗಿನಿಂದ ಬರುವ ಪರೀಕ್ಷಕರೂ ರೆಕಾರ್ಡು ನೋಡುತ್ತಿರಲಿಲ್ಲ. ಸಂಜೆಯೊಳಗೆ ಹಂಪಿ ನೋಡುವ ಅವಸರ ಅವರಿಗೆ; ಪಟಪಟ ಎರಡು ಪ್ರಶ್ನೆ ಕೇಳಿ ಕಾರು ಹತ್ತುತ್ತಿದ್ದರು. ಹಂಪಿ ಇರುವವರೆಗೆ ನಮಗೆ ಭಯವಿಲ್ಲ ಎಂದು ಹುಡುಗರು ಹೇಳುತ್ತಿದ್ದರು.

ನಾನೂ ಎಳೆದೆ. ನನಗೆ ಸಿಟ್ಟು ಎಷ್ಟೋ ಅಂದದ ಹುಚ್ಚೂ ಅಷ್ಟೇ. ಪೆನ್ಸಿಲ್ಲನ್ನು ಮೂರು ಸಲ ಚೂಪು ಮಾಡಿ ಒಂದು ಕೂದಲೆಳೆ ತಪ್ಪದಂತೆ ಎಳೆದೆ. ಗೆರೆ ಮೊದಲ ಏರು ಮುಗಿಸಿ ಕೆಳಗಿಳಿಯುವ ಜಾಗದಲ್ಲಿ ಒಂದು ಸಣ್ಣ ತಗ್ಗಿತ್ತು, ಉಗುರಿನಿಂದ ಒತ್ತಿದಂತೆ. ಅದನ್ನೂ ಬಿಡಲಿಲ್ಲ. ನನ್ನಷ್ಟು ಚೆಂದ ಆ ತಗ್ಗನ್ನು ಯಾರೂ ತೆಗೆದಿರಲಿಲ್ಲವೇನೋ. ಅದೇ ನನಗೆ ಮುಳುವಾಯಿತು.

ಸಹಿಯ ದಿನ ನನ್ನ ಪುಸ್ತಕ ರಾಶಿಯ ತಳದಲ್ಲಿತ್ತು. ಉಳಿದವರದಕ್ಕೆಲ್ಲ ಸಹಿ ಹಾಕಿ ಆಫೀಸಿಗೆ ಕಳಿಸಿ, ನನ್ನದನ್ನು ತೆರೆದ ಇನ್‌ಸ್ಟ್ರಕ್ಟರ್ ಪೆನ್ನು ಎತ್ತಿದವರು ಹಾಗೇ ನಿಂತರು.

"ಇದೇನವಾ, ಈ ತಗ್ಗು?"

"ರೆಸ್ಪಾನ್ಸ್ ಸರ್ರ" ಎಂದೆ, ಧಿಮಾಕಿನಿಂದ.

"ಯಾತರದು?"

ನನಗೆ ಗೊತ್ತಿದ್ದರೆ ತಾನೇ! ಅವರು ಬೈಯಲಿಲ್ಲ. ಪೆನ್ನಿನ ಟೊಪ್ಪಿಗೆ ಹಾಕಿ, ಲ್ಯಾಬಿನ ಕೀಲಿಕೈ ನನ್ನ ಮುಂದಿಟ್ಟರು. "ಮಷೀನಿನ್ಯಾಗ ಹುಡುಕು. ಸಿಕ್ಕ ಮ್ಯಾಲೆ ಸಹಿ."

ಸಹಿ ಇಲ್ಲದೆ ಪ್ರಾಯೋಗಿಕ ಪರೀಕ್ಷೆಗೆ ಪ್ರವೇಶವಿಲ್ಲ. ಆಗಲೇ ಸಂಡೂರು ಕಡೆಯ ಕಾರ್ಖಾನೆಯೊಂದರಿಂದ ನನಗೆ ಕೆಲಸದ ಪತ್ರ ಬಂದಿತ್ತು, ಒಂದೇ ಒಂದು ವಿಷಯ ಬಾಕಿ ಉಳಿದರೂ ಪತ್ರ ರದ್ದು ಎಂಬ ಷರತ್ತಿನೊಂದಿಗೆ. ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಅವ್ವ ಆ ಪತ್ರವನ್ನು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದಳು. ಬಂದ ಬಂದವರಿಗೆಲ್ಲ ತೆಗೆದು ತೋರಿಸುತ್ತಿದ್ದಳು. ಇಡೀ ತರಗತಿ ಕದ್ದ ಗೆರೆಗೆ ನನ್ನೊಬ್ಬಳಿಗೇ ಶಿಕ್ಷೆಯೇ ಎಂದು ನಾನು ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಹೋದೆ.

ಮರುದಿನದಿಂದ ತರಗತಿ ಬಿಟ್ಟ ಮೇಲೆ, ಕೊನೆಯ ಬಸ್ಸಿಗೆ ಮುಂಚೆ ಸಿಗುವ ಒಂದೂವರೆ ಗಂಟೆ ನನ್ನದು. ಗುಂಡಿ ತಿರುಗಿಸಿದೆ, ತೆರೆ ನೋಡಿದೆ. ತಗ್ಗು ಇತ್ತು! ಚಿನ್ನದ ರೆಕಾರ್ಡಿನಲ್ಲಿದ್ದ ಅದೇ ಜಾಗದಲ್ಲಿ, ಅದೇ ಉಗುರಿನ ಗುರುತು. ಅಂದರೆ ಆ ಅಣ್ಣ ಕಳ್ಳನಲ್ಲ, ಕಂಡದ್ದನ್ನು ಕಂಡಂತೆ ಬರೆದಿದ್ದ. ಅವನ ಮೇಲೆ ಒಮ್ಮೆಲೇ ಅಭಿಮಾನ ಉಕ್ಕಿತು. ಅಪ್ಪ ಹಾಕಿದ ಆಲದ ಮರಕ್ಕೆ ನೇಣು ಹಾಕಿಕೊಂಡವರು ನಾವು ಮಾತ್ರ.

ಆದರೆ ತಗ್ಗು ಬಂದದ್ದೆಲ್ಲಿಂದ? ವೈರು ಬದಲಿಸಿದೆ, ಮೋಟಾರಿನ ಎಳೆತದ ಜೋರು, ಅಂದರೆ ಗೇನ್, ಕಡಿಮೆ ಮಾಡಿದೆ, ಹೆಚ್ಚು ಮಾಡಿದೆ. ತಗ್ಗು ಸರಿಯಿತೇ ಹೊರತು ಹೋಗಲಿಲ್ಲ. ಇನ್‌ಸ್ಟ್ರಕ್ಟರ್ ತಮ್ಮ ಮೇಜಿನ ಬಳಿ ಕೂತು ಕೆಟ್ಟ ಮೀಟರುಗಳನ್ನು ರಿಪೇರಿ ಮಾಡುತ್ತಿದ್ದರು, ನನ್ನ ಕಡೆ ತಲೆ ಎತ್ತುತ್ತಿರಲಿಲ್ಲ. ಆರನೇ ದಿನ ಸಿಟ್ಟು ನೆತ್ತಿಗೇರಿ, ಬೇಕಾದ್ದಾಗಲಿ ಎಂದು ಕಣ್ಣು ಮುಚ್ಚಿ ಮೋಟಾರಿನ ಪೀಠದ ಮೇಲೆ ಅಂಗೈ ಒತ್ತಿದೆ. ಇನ್ನೊಂದು ಕೈಯಿಂದ ಗುಂಡಿ ತಿರುಗಿಸಿದೆ.

ಟಕ್.

ಕಿವಿಗೆ ಕೇಳದಷ್ಟು ಸಣ್ಣದು, ಅಂಗೈಗೆ ಮಾತ್ರ ತಿಳಿಯಿತು. ಮತ್ತೆ ತಿರುಗಿಸಿದೆ. ಟಕ್. ಮೋಟಾರು ನಿಲ್ಲಿಸಿ ಕಲ್ಲನ್ನು ಅಲ್ಲಾಡಿಸಿ ನೋಡಿದರೆ ಅದನ್ನು ಕಟ್ಟಿದ್ದ ತಂತಿ ಸಡಿಲವಾಗಿತ್ತು. ಮುಂದೆ ಹೋದ ತಟ್ಟೆ ಹಿಂದಕ್ಕೆ ಹೊರಳಿದರೂ ಕಲ್ಲು ತನ್ನ ಭರದಲ್ಲಿ ಇನ್ನೊಂದು ಎಳೆಯಷ್ಟು ಮುಂದೆ ಜಾರಿ, ತಂತಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಭಾರ ತಪ್ಪಿದ ತಟ್ಟೆ ಚಂಗನೆ ಹಿಂದೆ ಹೋಗಿ, ಆ ಬಡಿತಕ್ಕೆ ಮತ್ತೆ ತುಸು ಮುಂದೆ ಬರುತ್ತಿತ್ತು. ಅದೇ ತಗ್ಗು!

"ಸರ್ರ, ಕಲ್ಲು!" ಎಂದು ಕೂಗಿದೆ. ಅವರು ಎದ್ದು ಬಂದರು. ನನ್ನ ಕೈಯಿದ್ದಲ್ಲಿ ತಮ್ಮ ಕೈ ಇಟ್ಟರು. ಒಂದು ಸಲ ಸಾಕಾಯಿತು ಅವರಿಗೆ. ಮುಖ ಯಾಕೋ ಸಣ್ಣದಾಯಿತು. ಇಕ್ಕಳ ತಂದು, ತಂತಿ ಬಿಗಿ ಮಾಡುವ ಕೆಲಸ ನನ್ನಿಂದಲೇ ಮಾಡಿಸಿದರು. ಗೆರೆ ಈಗ ನುಣ್ಣಗೆ ಇಳಿಯಿತು. ನಾನು ಹೊಸ ಹಾಳೆಯಲ್ಲಿ ಚುಕ್ಕೆ ಇಟ್ಟು ಬರೆದೆ, ಅವರು ಸಹಿ ಹಾಕಿದರು. ಪರೀಕ್ಷೆಗೆ ಎರಡೇ ದಿನ ಉಳಿದಿತ್ತು.

ಪರೀಕ್ಷಕರು ಬೆಂಗಳೂರು ಕಡೆಯವರು. ಗ್ರಹಚಾರಕ್ಕೆ ಹಿಂದಿನ ದಿನವೇ ಬಂದು ಹಂಪಿ ನೋಡಿ ಮುಗಿಸಿದ್ದರು. ಕೈತುಂಬ ಸಮಯವಿತ್ತು. ರೆಕಾರ್ಡುಗಳನ್ನೆಲ್ಲ ಮೇಜಿನ ಮೇಲೆ ಹರವಿ ಒಂದೊಂದೇ ಗ್ರಾಫು ನೋಡುತ್ತ ಹೋದರು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಎಲ್ಲರ ಕೈ ಹೆಗಲ ಮೇಲಿತ್ತು. ಅವರ ಬೆರಳು ನಿಂತದ್ದು ನನ್ನ ಪುಸ್ತಕದ ಮೇಲೆ.

"ಎಲ್ರಿಗೂ ಬಂದಿರೋ ಡಿಪ್ ನಿಮಗೊಬ್ರಿಗೆ ಯಾಕಮ್ಮ ಬಂದಿಲ್ಲ? ಟೆಕ್ಸ್ಟ್‌ಬುಕ್ ನೋಡಿ ಎಳೆದುಬಿಟ್ರಾ? ಪಾಪ, ಮಿಕ್ಕೋರೆಲ್ಲ ಕಷ್ಟಪಟ್ಟು ರೀಡಿಂಗ್ ತಗೊಂಡಿದ್ದಾರೆ. ಇದಕ್ಕೆ ನಾನು ಮಾರ್ಕ್ಸ್ ಕೊಡೋದಿಲ್ಲ."

ಬೆತ್ತಲೆಯವರ ಊರಲ್ಲಿ ಬಟ್ಟೆ ಉಟ್ಟವಳೇ ಹುಚ್ಚಿ! ಮೈಯೆಲ್ಲ ಉರಿಯಿತು. ಅವ್ವನ ಜಗಲಿಯ ಮೇಲಿನ ಪತ್ರ ಕಣ್ಣ ಮುಂದೆ ಬಂತು. ಕದ್ದವರು ಅವರು, ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯ ಬಳಿ ಬಂಡ್ರಿಯ ನನ್ನ ಗೆಳತಿ ನಿಂತಿದ್ದಳು. ಅವಳ ತುಟಿ ಬಿಳಿಚಿಹೋಗಿತ್ತು. ಅವಳಿಗೂ ಅಂಥದೇ ಒಂದು ಪತ್ರ ಬಂದಿತ್ತು. ಹೇಳಿದರೆ ಎಲ್ಲರೂ ಹೋಗುತ್ತಾರೆ, ಹೇಳದಿದ್ದರೆ ನಾನು.

ವೈವಾ ನಡೆಯುವಾಗ ಇನ್‌ಸ್ಟ್ರಕ್ಟರ್ ಗೋಡೆ ಬದಿಗೆ ನಿಂತಿರಬೇಕು, ಮಾತಾಡುವಂತಿಲ್ಲ. ನಮ್ಮ ಇನ್‌ಸ್ಟ್ರಕ್ಟರ್ ಗೋಡೆ ಬಿಟ್ಟು ಮುಂದೆ ಬಂದರು.

"ಸರ್ರ, ತಪ್ಪು ನಂದೈತ್ರಿ. ಹುಡುಗೀದಲ್ಲ."

ವಿಭಾಗದ ಮುಖ್ಯಸ್ಥರು ಅಲ್ಲೇ ಕೂತಿದ್ದರು. ಅವರ ಎದುರಿಗೇ ಇಕ್ಕಳ ತೆಗೆದು ಇನ್‌ಸ್ಟ್ರಕ್ಟರ್ ತಂತಿ ಸಡಿಲಿಸಿ ಮೋಟಾರು ಓಡಿಸಿದರು. ತೆರೆಯ ಮೇಲೆ ತಗ್ಗು ಬಂತು. ಬಿಗಿ ಮಾಡಿ ಓಡಿಸಿದರು. ಹೋಯಿತು.

"ಈ ತಂತಿ ಭಾಳ ವರ್ಷದಿಂದ ಸಡ್ಲ ಇತ್ತು ಕಾಣತೈತ್ರಿ. ಕಟ್ಟಿದಾಂವ ನಾನು. ವರ್ಷಾ ವರ್ಷಾ ಈ ತಗ್ಗಿಗೆ ಸಹಿ ಹಾಕ್ಕೋಂತ ಬಂದಾಂವನೂ ನಾನ. ಕೈ ಇಟ್ಟು ನೋಡ್ರಿ ಅಂತ ಎಲ್ಲಾರಿಗೂ ಹೇಳತೀನಿ, ನಾ ಇಟ್ಟು ನೋಡಲಿಲ್ಲ. ಈಕಿ ಹುಡುಕಿದ್ಲು."

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಾಜಿನ ಹಾಳೆಯ ಸುದ್ದಿಯನ್ನು ಮಾತ್ರ ಅವರು ಎತ್ತಲಿಲ್ಲ. ಯಾರೂ ಕೇಳಲೂ ಇಲ್ಲ. ಇಷ್ಟು ವರ್ಷ ದುಡಿದ ಜಾಗದಲ್ಲಿ, ಮೇಲಿನವರ ಮುಂದೆ, 'ನಾನು ನೋಡದೆ ಸಹಿ ಹಾಕಿದೆ' ಎಂದು ಹೇಳಿಕೊಳ್ಳುವುದು ಎಂಥ ಕೆಲಸವೆಂದು ಈಗ ಕಾರ್ಖಾನೆಯಲ್ಲಿ ನಾನೇ ಸಹಿ ಹಾಕುವವಳಾದ ಮೇಲೆ ಸರಿಯಾಗಿ ತಿಳಿಯುತ್ತದೆ. ನನಗೆ ಅಷ್ಟು ಎದೆಗಾರಿಕೆ ಇನ್ನೂ ಬಂದಿಲ್ಲ.

ಪರೀಕ್ಷಕರು ಕುರ್ಚಿಯಿಂದೆದ್ದು ಬಂದು ತಾವೇ ಎರಡು ಸಲ ಓಡಿಸಿ ನೋಡಿದರು. ತಗ್ಗು ಏರಿನ ನಂತರವೇ ಯಾಕೆ ಬರುತ್ತದೆಂದು ನನ್ನನ್ನು ಕೇಳಿದರು. ಹೇಳಿದೆ. "ಅಂಗೈಯಲ್ಲಿ ಕಂಡುಹಿಡಿದ್ರಾ?" ಎಂದು ನಕ್ಕು ತಮ್ಮ ಕೈಯನ್ನೂ ಇಟ್ಟು ನೋಡಿದರು. ನಾನು ಪಾಸಾದೆ. ಎಲ್ಲರೂ ಪಾಸಾದರು. ಮುಖ್ಯಸ್ಥರು ಮಾತ್ರ ಹೊರಡುವಾಗ ಇನ್‌ಸ್ಟ್ರಕ್ಟರ್ ಮುಖ ನೋಡಲಿಲ್ಲ.

ಮರುದಿನ ಇನ್‌ಸ್ಟ್ರಕ್ಟರ್ ಇಡೀ ತರಗತಿಯನ್ನು ಲ್ಯಾಬಿಗೆ ಕರೆಸಿದರು. ಒಬ್ಬೊಬ್ಬರೂ ಮೋಟಾರು ಓಡಿಸಿ, ರೀಡಿಂಗ್ ತೆಗೆದು, ಹೊಸ ಹಾಳೆಯಲ್ಲಿ ಬರೆದು ತೋರಿಸಬೇಕಂತೆ. ಪರೀಕ್ಷೆ ಮುಗಿದ ಹುಡುಗರು ಕೇಳಬೇಕಲ್ಲ!

"ಮಾರ್ಕ್ಸ್ ಹಾಕಿದ ಮ್ಯಾಲೆ ಯಾಕ್ರೀ ಸರ್ರ?" ಎಂದ ಒಬ್ಬ.

"ಮಾರ್ಕ್ಸ್ ನಿಮ್ಮವು. ಸಹಿ ನಂದು" ಎಂದರು.

ಆಮೇಲೆ ಒಬ್ಬೊಬ್ಬರಾಗಿ ಮೋಟಾರಿನ ಮುಂದೆ ಸಾಲು ಹಚ್ಚಿದರು. ಮೂರು ದಿನ ಹಿಡಿಯಿತು. ಚಿನ್ನದ ರೆಕಾರ್ಡನ್ನು ನಾವೇ ತಂದು ಅವರ ಮೇಜಿನ ಮೇಲಿಟ್ಟೆವು. ಅವರು ಅದನ್ನು ಬಿಡಿಸಿ ತಗ್ಗಿನ ಪುಟ ನೋಡಿ, "ಈ ಹುಡುಗ ಖರೇ ಬರದಾನ" ಎಂದು ಅಲಮಾರಿಯಲ್ಲಿ ಜೋಪಾನವಾಗಿ ಇಟ್ಟರು.

ಮೂರನೇ ದಿನ ಸಂಜೆ ಎಲ್ಲರೂ ಹೋದ ಮೇಲೆ ನಾನು ಕೀಲಿಕೈ ಮರಳಿಸಲು ಹೋದೆ. ಇನ್‌ಸ್ಟ್ರಕ್ಟರ್ ಒಬ್ಬರೇ ಮೋಟಾರಿನ ಮುಂದೆ ಸ್ಟೂಲ್ ಹಾಕಿಕೊಂಡು, ಕನ್ನಡಕ ಮೂಗಿನ ತುದಿಗೆ ಜಾರಿಸಿ, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡುತ್ತಿದ್ದರು. ತರಗತಿಯ ಕೊನೆಯ ವಿದ್ಯಾರ್ಥಿಯ ಹಾಗೆ. ಗೆರೆ ಎಳೆದು ಮುಗಿಸಿ ಹಾಳೆಯನ್ನು ನನ್ನ ಕಡೆ ಚಾಚಿದರು.

"ನಂದೊಂದು ಬಾಕಿ ಇತ್ತವಾ. ನೀ ಸಹಿ ಹಾಕು."

ಅವರು ಬರೆದದ್ದನ್ನು ನಾನೇನು ನೋಡುವುದು! ಕಣ್ಣೊರೆಸಿಕೊಂಡು ಸೀದಾ ಪೆನ್ನು ಹಚ್ಚಲು ಹೋದೆ. ಅವರು ಹಾಳೆಯ ಮೇಲೆ ಕೈ ಅಡ್ಡ ಇಟ್ಟರು. ಬೆರಳೆಲ್ಲ ಅದಿರಿನ ಕೆಂಪು.

"ನೋಡಿ ಹಾಕು."

ಕೂತೆ. ಮೋಟಾರು ಓಡಿಸಿ, ತೆರೆ ನೋಡಿ, ಒಂದೊಂದೇ ಚುಕ್ಕೆಯನ್ನು ತಾಳೆ ಹಾಕಿದೆ. ಕೊನೆಯ ಬಸ್ಸು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಏಳನೆಯ ಚುಕ್ಕೆ ಒಂದು ಚೌಕ ಮೇಲಿತ್ತು. ಹೇಳಲು ಬಾಯಿ ಬರಲಿಲ್ಲ, ಆದರೂ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, ರಬ್ಬರಿನಿಂದ ಒರೆಸಿ, ಸರಿಯಾದ ಜಾಗದಲ್ಲಿ ಇಟ್ಟರು. ಆಮೇಲೆ ಸಹಿ ಹಾಕಿದೆ.