ಕೆಂಪರಾಜು ಮೇಷ್ಟ್ರು ಹಿಂದಿರುಗಿಸಿದ ಪುಟ

ರಾಮನಗರ ಸೀಮೆಯ ಸ್ಥಳೀಯ ಚರಿತ್ರೆಯಲ್ಲಿ ಕೆಲಸ ಮಾಡಿದವರ ಪೈಕಿ ತಾವೇ ಬರೆದು ಹೆಸರಾದವರು ಹಲವರಿದ್ದಾರೆ. ಊರವರಿಂದ ಬರೆಯಿಸಿ ಹೆಸರಾದವರು ಶ್ರೀ ಕೆಂಪರಾಜು ಅವರೊಬ್ಬರೇ. ಮಾಗಡಿ ಕಡೆಯ ಬೇಸಾಯದ ಮನೆತನದಲ್ಲಿ ಹುಟ್ಟಿ, ಚನ್ನಪಟ್ಟಣ ಮತ್ತು ಕನಕಪುರದ ಕಾಲೇಜುಗಳಲ್ಲಿ ಇತಿಹಾಸ ಬೋಧಿಸಿ, ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಜಿಲ್ಲೆಯ ಎಲ್ಲ ತಾಲ್ಲೂಕುಗಳ ಜನ ಇಂದು ಗುರುತಿಸುವುದು ‘ಊರುಕೋಶ’ದ ಮೇಷ್ಟ್ರು ಎಂದೇ.

ಊರುಕೋಶವೆಂದರೆ 2006ರಲ್ಲಿ ಅವರು ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಆರಂಭಿಸಿದ ವಿಕಿ. ಅದರಲ್ಲಿ ಯಾರು ಬೇಕಾದರೂ ತಮ್ಮೂರಿನ ಬಗ್ಗೆ ಪುಟ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು; ಯಾರು ಯಾವ ಸಾಲು ಬರೆದರೆಂಬುದು ಪುಟದ ಜೊತೆಗೇ ದಾಖಲಾಗುತ್ತದೆ. ಬಿಡದಿಗೆ ರೈಲಿನಲ್ಲಿ ಓಡಾಡುವವರು, ಹಾರೋಹಳ್ಳಿಯಲ್ಲಿ ಪಾಳಿ ಮುಗಿಸಿದವರು ಸೈಬರ್ ಸೆಂಟರುಗಳಲ್ಲಿ ಕುಳಿತು ಬರೆಯತೊಡಗಿದರು. ತಿದ್ದುವ ಹೊಣೆ ಮೇಷ್ಟ್ರ ತಲೆಗೆ ಬಂತು. ಅವರಿಗೂ ಅದೇ ಬೇಕಿತ್ತು. ಮದುವೆಯ ಕರೆಯೋಲೆಯನ್ನು ಸಹ ಪೆನ್ನಿಲ್ಲದೆ ಓದಿದವರಲ್ಲ. ಹಾಗೆಂದು ಒರಟರಲ್ಲ. ದೊಡ್ಡಮಳೂರಿನ ಗಂಗಯ್ಯನವರು ಒಂದೂ ಪೂರ್ಣವಿರಾಮವಿಲ್ಲದೆ ತಮ್ಮೂರಿನ ಪುಟ ಬರೆದಾಗ ಬಸ್ಸು ಹತ್ತಿ ಹೋಗಿ, ಪಕ್ಕದಲ್ಲಿ ಕುಳಿತು, “ಇಲ್ಲಿ ಒಸಿ ಉಸಿರು ತಗೊಳ್ಳಾಣ್ವಾ ಗಂಗಯ್ಯನೋರೆ?” ಎಂದು ಕೇಳಿ ಕೇಳಿ ಚುಕ್ಕೆ ಇಟ್ಟವರು.

ಇಂಥವರ ಕೈಯಿಂದಲೇ ಒಂದು ಎಡವಟ್ಟಾಯಿತು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಶಿವರಾಜು ಕುರಿ ಸಾಕುವ ಮನೆಯವರು. ಕಾರ್ಖಾನೆಗಳು ಬರುವ ಮೊದಲು ಯಾವ ಕಾಲದಲ್ಲಿ ಯಾವ ಬಯಲಿಗೆ ಮಂದೆ ಹೋಗುತ್ತಿತ್ತು ಎಂಬುದನ್ನೆಲ್ಲ ತಾಯಿ ಲಕ್ಷ್ಮಿದೇವಮ್ಮನವರಿಂದ ಕೇಳಿ ‘ನಮ್ಮವ್ವನ ಕುರಿಗಳು’ ಎಂಬ ಪುಟ ಬರೆದಿದ್ದರು. ಕೋಶಕ್ಕೆ ಆ ಶೀರ್ಷಿಕೆ ಒಗ್ಗದೆಂದು ಮೇಷ್ಟ್ರು ‘ಹಾರೋಹಳ್ಳಿ ಸುತ್ತಿನ ಕುರಿ ಸಾಕಣೆ’ ಎಂಬ ಹೊಸ ಪುಟ ತೆರೆದು, ಬರಹವನ್ನು ಅದಕ್ಕೆ ಅಂಟಿಸಿ, ತಮಗೆ ತಿಳಿದ ನಾಲ್ಕು ಮಾತು ಸೇರಿಸಿ, ಹಳೆಯ ಪುಟವನ್ನು ಅಳಿಸಿಬಿಟ್ಟರು. ಹೆಸರನ್ನಷ್ಟೇ ಬದಲಿಸುವ ದಾರಿಯಿತ್ತು, ಅವಸರಕ್ಕೆ ಹೊಳೆಯಲಿಲ್ಲ. ಹೊಸ ಪುಟ ತೆರೆದವರು ಅವರಾದ್ದರಿಂದ ಅದರ ಪ್ರತಿ ಸಾಲೂ ಅವರ ಹೆಸರಿಗೆ ಬಿತ್ತು.

ಆ ಭಾನುವಾರವೇ ಶಿವರಾಜು ತಾಯಿಯನ್ನು ಮುನಾವರ್ ಅವರ ಸೈಬರ್ ಸೆಂಟರಿಗೆ ಹೆಮ್ಮೆಯಿಂದ ಕರೆತಂದಿದ್ದರು. ಓದು ಬಾರದ ಆ ತಾಯಿ ಬರೆದವರ ಹೆಸರು ಕೇಳಿದರು. ಮುನಾವರ್ ಪರದೆಯಲ್ಲಿ ಇದ್ದದ್ದನ್ನು ಓದಿದರು: ಕೆಂಪರಾಜು. ತನ್ನ ಮಾತನ್ನು ಮಗ ಮೇಷ್ಟ್ರಿಗೆ ಕೊಟ್ಟು, ತಾನೇ ಬರೆದೆನೆಂದು ಸುಳ್ಳು ಹೇಳಿದನೆಂದು ಆಕೆ ತಿಳಿದರು. ಮಗನೊಂದಿಗೆ ಮಾತು ಬಿಟ್ಟರು. ಮಗ ಊರುಕೋಶವನ್ನೇ ಬಿಟ್ಟರು.

ಮೇಷ್ಟ್ರು ಫೋನ್ ಮಾಡಿದಾಗಲೆಲ್ಲ “ಡ್ಯೂಟಿ ಜಾಸ್ತಿ ಸಾರ್” ಎಂಬ ಉತ್ತರ. ಸಂಶಯ ಬಂದು ಪುಟ ತೆಗೆದು ನೋಡಿದಾಗ ತಾವು ಮಾಡಿದ್ದೇನೆಂದು ತಿಳಿಯಿತು. ಕಾಲೇಜಿಗೆ ರಜೆ ಹಾಕಿ ನೇರ ಶಿವರಾಜು ಮನೆಗೆ ಹೋದರು. ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಲಕ್ಷ್ಮಿದೇವಮ್ಮ ತಲೆಯೆತ್ತಿ, “ನೀವೇನಾ ಸ್ವಾಮಿ ಆ ಕೆಂಪರಾಜು? ನನ್ ಬಾಯ್ ಮಾತೆಲ್ಲ ನಿಮ್ದೇ ಅಂತಲ್ಲಾ?” ಎಂದರು.

“ನಿಮ್ಮ ಮಗ ಸುಳ್ಳು ಹೇಳಿಲ್ಲ ಕಣಮ್ಮ. ಬರ್ದೋನು ಅವನೇ. ಕೆಡಿಸ್ದೋನು ನಾನು,” ಎಂದು ಮೇಷ್ಟ್ರು ನಿಂತೇ ಹೇಳಿದರು. “ಪುಟ ವಾಪಸ್ ಕೊಡ್ತೀನಿ. ನಾನು ಸೇರ್ಸಿರೋದೂ ಅವನ ಹೆಸರಿಗೇ ಇರ್ಲಿ.”

“ಅದ್ಯಾಕೆ? ನಮ್ ಕುರಿ ತಪ್ಪಿ ಇನ್ನೊಬ್ರ ಮಂದೇಲಿ ಮೇದ್ರೆ, ಉಣ್ಣೆ ಮೇಯ್ಸಿದೋರ್ದು, ಕುರಿ ನಮ್ದು. ಉಣ್ಣೆ ನೀವೇ ಮಡಿಕಳಿ. ಕುರಿ ಕೊಟ್ಬುಡಿ.”

ಇಷ್ಟು ನೇರವಾದ ತೀರ್ಪನ್ನು ಮೇಷ್ಟ್ರು ಅದುವರೆಗೆ ಯಾವ ವಿದ್ವತ್ ಗೋಷ್ಠಿಯಲ್ಲೂ ಕೇಳಿರಲಿಲ್ಲ. ಅಳಿಸಿದ ಪುಟವನ್ನು ಮರಳಿ ತಂದರು. ಶೀರ್ಷಿಕೆಯೂ ಹಳೆಯದೇ ಬಂತು. ಅದರ ಕೆಳಗೆ ಹೇಳಿದವರ ಹೆಸರನ್ನೂ ಸೇರಿಸಿದರು. ತಮ್ಮ ನಾಲ್ಕು ಮಾತನ್ನು ಮಾತ್ರ ಪುಟದ ಕೊನೆಗೆ ತಮ್ಮ ಹೆಸರಿನಲ್ಲಿ ಬರೆದರು. ಮುಂದಿನ ಭಾನುವಾರ ಮುನಾವರ್ ಮತ್ತೆ ಓದಿದರು: ಹೇಳಿದವರು ಲಕ್ಷ್ಮಿದೇವಮ್ಮ, ಬರೆದವರು ಶಿವರಾಜು. ತಾಯಿ ಇನ್ನೊಮ್ಮೆ ಓದಿಸಿದರು. ಆಮೇಲೆ ಮಗನ ಕಡೆ ತಿರುಗಿ, “ನಡಿ ಮಗ, ಹೊಟ್ಟೆ ಹಸೀತದೆ” ಎಂದರು. ಶಿವರಾಜು ಅಲ್ಲೇ ಕಣ್ಣೊರೆಸಿಕೊಂಡರು. ಜೊತೆಗೆ ಬಂದಿದ್ದ ಮೇಷ್ಟ್ರು ಬಾಗಿಲಾಚೆ ಸೈಬರ್ ಸೆಂಟರಿನ ಬೋರ್ಡಿನಲ್ಲಿದ್ದ ತಪ್ಪುಗಳನ್ನು ಬಹಳ ಹೊತ್ತು ಓದುತ್ತ ನಿಂತರು.

ಕೇಳದೆ ಪುಟ ಕದಲಿಸಬಾರದು, ಹೇಳಿದವರ ಹೆಸರು ಬಿಡಬಾರದು ಎಂಬ ಊರುಕೋಶದ ನಡಾವಳಿ ಹುಟ್ಟಿದ್ದು ಅಂದು. ಅದರಂತೆ ಈ ಲೇಖನವನ್ನೂ ಅಚ್ಚಿಗೆ ಮುನ್ನ ಶಿವರಾಜು ತಾಯಿಗೆ ಓದಿ ಹೇಳಿದರು. ಆಕೆ ಒಂದು ತಿದ್ದುಪಡಿ ಕಳಿಸಿದರು: “ಮೇಷ್ಟ್ರ ತೆಪ್ಪು ಬರ್ದವ್ರೆ, ಸರಿ. ತೆಪ್ಪಾಯ್ತು ಅಂತ ಮನೆಗಂಟ ಬಂದು ಹೇಳೋ ದೊಡ್ಡೋರು ಎಷ್ಟ್ ಜನ ಅವ್ರೆ? ಅದ್ನೂ ಬರೀಲಿ. ದೇವ್ರು ಅವ್ರನ್ನ ನೂರ್ಕಾಲ ಚೆಂದಾಗಿ ಮಡಗಿರ್ಲಿ, ಇನ್ನೂ ಬರ್ಸ್ತಾ ಇರ್ಲಿ.”

ಇದಕ್ಕಿಂತ ಚೆನ್ನಾಗಿ ಹಾರೈಸಲು ನಮಗೆ ಬಾರದು. ಈ ಹಾರೈಕೆ ಲಕ್ಷ್ಮಿದೇವಮ್ಮನವರದು.