ಹಸಿರು ವೈರು, ಒದ್ದೆ ಕೈ

ಕಳೆದ ವಾರ ನಮ್ಮ ಹೋಟೆಲಿನ ಅಡುಗೆಮನೆಯ ಹಳೆಯ ಸ್ವಿಚ್ ಬೋರ್ಡು ಬಿಚ್ಚಿಸಿದೆ. ಸ್ಟೀಲ್ ಪ್ಲೇಟಿನ ಹಿಂದೆ ಮಸಿ ಹಿಡಿದ ಹಸಿರು ವೈರೊಂದು ಸ್ಕ್ರೂವಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಅದನ್ನು ಸುತ್ತಿದ್ದು ನಾನೇ. ಸುತ್ತಿಸಿದವರು ನಮ್ಮ ವೈರ್‌ಮನ್...

ಹೊಸನಗರದಲ್ಲಿ ಅಮ್ಮ ಈ ಪುಟ್ಟ ಹೋಟೆಲು ಶುರು ಮಾಡಿದಾಗ ಒಲೆಯ ಕಾವಿಗೆ ಪ್ಲಾಸ್ಟಿಕ್ ಬೋರ್ಡುಗಳು ಬಿರುಕು ಬಿಡುತ್ತಿದ್ದವು. ನಾನು ಸಾಗರಕ್ಕೆ ಹೋಗಿ ಸ್ಟೀಲ್ ಪ್ಲೇಟು ತಂದೆ. ತೀರ್ಥಹಳ್ಳಿ ಕಡೆಯವರಾದ ವೈರ್‌ಮನ್ ಕರೆಂಟು ಹರಿಯುವ ಆ ಸ್ಟೀಲನ್ನು ನೋಡಿ ಹಣೆ ಚಚ್ಚಿಕೊಳ್ಳದಿದ್ದದ್ದು ನನ್ನ ಪುಣ್ಯ. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಅಲ್ಲಿಂದ ಪ್ರತಿ ಪ್ಲೇಟಿಗೂ ಅರ್ಥಿಂಗಿನ ಹಸಿರು ವೈರು ಎಳೆಯುವವರೆಗೆ ಅವರು ಕರೆಂಟು ಕೊಡಲಿಲ್ಲ. ಎರಡು ದಿನ ಹೋಟೆಲು ಮುಚ್ಚಿತ್ತು. ನಾನು ಮುಖ ಊದಿಸಿಕೊಂಡು ಕೂತಿದ್ದೆ.

ಕೆಲಸ ಮುಗಿದ ಮೇಲೆ ಅವರು ಒಂದು ಬಲ್ಬು ತೆಗೆದು, ಅದರ ಒಂದು ವೈರನ್ನು ಕರೆಂಟಿಗೆ, ಇನ್ನೊಂದನ್ನು ಪ್ಲೇಟಿಗೆ ಹಿಡಿದರು. ಬಲ್ಬು ಝಗ್ಗನೆ ಉರಿಯಿತು; ಪ್ಲೇಟಿಗೆ ಬಂದ ಕರೆಂಟು ಹಸಿರು ವೈರಿನಿಂದ ಮಣ್ಣಿಗೆ ಇಳಿಯುತ್ತದೆ ಎಂದರ್ಥ. ಆಮೇಲೆ ಬಕೆಟ್ಟಿನಲ್ಲಿ ಕೈ ಅದ್ದಿ, ಆ ಒದ್ದೆ ಕೈಯನ್ನು ಒಂದೊಂದು ಪ್ಲೇಟಿನ ಮೇಲೂ ಇಟ್ಟರು.

"ಮೊದ್ಲು ಬಲ್ಬು, ಆಮೇಲೆ ನಾನು, ಆಮೇಲೆ ನಿಮ್ಮಮ್ಮ," ಎಂದರು. "ಅವ್ರ ಕೈ ಯಾವಾಗ್ಲೂ ಒದ್ದೆ ಅಲ್ವಾ ತಂಗಿ."

ಅದು ನಿಜ. ಹಿಟ್ಟು, ನೀರು, ಚಟ್ನಿ... ಅಮ್ಮನ ಕೈ ಒಣಗಿದ್ದನ್ನು ನಾನು ಕಂಡದ್ದೇ ಕಡಿಮೆ.

ಮರುವರ್ಷ ಆಯುಧಪೂಜೆ ಬಂತು. ಪಾತ್ರೆಯೆಲ್ಲ ಬೆಳಗಿದ ಹುರುಪಿನಲ್ಲಿ ನಾನು ಮೇನ್ ಸ್ವಿಚ್ ಆರಿಸಿ, ಎಣ್ಣೆ ಜಿಡ್ಡು ಹಿಡಿದ ಪ್ಲೇಟುಗಳನ್ನೂ ಬಿಚ್ಚಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಗ್ರೈಂಡರ್ ಸ್ವಿಚ್ಚಿನ ಪ್ಲೇಟನ್ನು ತಿರುಗಿ ಕೂರಿಸುವಾಗ ಹಸಿರು ವೈರು ಅಡ್ಡ ಬಂತು. ಅದಿಲ್ಲದೆಯೂ ಲೈಟು ಉರಿಯುತ್ತದಲ್ಲ ಎಂದು ಮಡಚಿ ಒಳಗೆ ತುರುಕಿದೆ. ಎಂಥ ಜಾಣೆ ನಾನು!

ಪೂಜೆಯ ತಿಂಡಿಗೆಂದು ಕರೆದಿದ್ದ ವೈರ್‌ಮನ್ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಮ್ಮ ಗ್ರೈಂಡರ್ ಹಾಕಲು ಹಿಟ್ಟಿನ ಕೈ ಚಾಚಿದ್ದಳು. ಫಳಫಳ ಹೊಳೆಯುವ ಪ್ಲೇಟು ಕಂಡೊಡನೆ ಯಾರೋ ಅದನ್ನು ಬಿಚ್ಚಿದ್ದಾರೆಂದು ಅವರಿಗೆ ಗೊತ್ತಾಯಿತು.

"ಅಮ್ಮಾ, ಮುಟ್ಬೇಡಿ!"

ಅಮ್ಮನ ಕೈ ಅಲ್ಲೇ ನಿಂತಿತು. ಅವರು ಟೆಸ್ಟರ್ ತಾಗಿಸಿದರು. ಅದರ ಕೆಂಪು ದೀಪ ಹೊತ್ತಿಕೊಂಡಿತು. ನಾನು ಪ್ಲೇಟು ಬಿಗಿಯುವಾಗ ಕರೆಂಟಿನ ವೈರು ಸಿಕ್ಕಿಹಾಕಿಕೊಂಡು ಅದರ ಸಿಪ್ಪೆ ಹರಿದಿತ್ತು. ಪ್ಲೇಟಿಗೇ ಕರೆಂಟು ಬಂದಿತ್ತು.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೇನ್ ಆರಿಸಿ, ಸ್ಕ್ರೂಡ್ರೈವರನ್ನು ನನ್ನ ಕೈಗಿತ್ತು, ಹರಿದ ವೈರನ್ನು ಹಾಗೆಯೇ ಬಿಟ್ಟು, ಹಸಿರು ವೈರನ್ನು ಮಾತ್ರ ನನ್ನಿಂದಲೇ ಕಟ್ಟಿಸಿದರು. ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಹಾಕಿದರು. ಠಪ್ ಎಂದು ಫ್ಯೂಸ್ ಹೋಯಿತು.

"ನೋಡ್ದ್ಯಾ ತಂಗಿ? ಅಮ್ಮನ ಮೈಮೇಲೆ ಹೋಗೋದು ಮಣ್ಣಿಗೆ ಹೋಯ್ತು."

ಬೆರಳಿನಷ್ಟೂ ದಪ್ಪವಿಲ್ಲದ ಆ ವೈರು, ಹಿತ್ತಲ ಉಪ್ಪಿನ ಗುಂಡಿ, ಬಿಳಿ ಅಂಗಿಯ ಈ ಮನುಷ್ಯ... ದೇವರ ಫೋಟೋಕ್ಕೆ ಇಟ್ಟಿದ್ದ ಹೂವನ್ನು ಆ ಗುಂಡಿಗೂ ಇಟ್ಟು ಬಂದೆ. ಅವರು ಹರಿದ ವೈರು ಬದಲಿಸಿ, ಫ್ಯೂಸ್ ಕಟ್ಟಿ, ಬಲ್ಬು ಹಿಡಿದು, ಒದ್ದೆ ಕೈ ಇಟ್ಟು ನೋಡಿದರು. ಆಮೇಲೆಯೇ ಚಟ್ನಿ ತಿರುಗಿತು.

ಅವರು ತೀರಿಹೋಗಿ ಎರಡು ಮಳೆಗಾಲವಾಯಿತು. ಕಾಯಿಲೆಯ ಸುದ್ದಿ ಬಂದಾಗ ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಕಳೆದ ವಾರ ಬಂದ ಹೊಸ ವೈರ್‌ಮನ್ ತಂತಿಗಳನ್ನೆಲ್ಲ ಬದಲಿಸಿ, ನನ್ನ ಹಟಕ್ಕೆ ಬಲ್ಬು ಹಿಡಿದು ತೋರಿಸಿ, "ಸ್ವಿಚ್ ಹಾಕಿ ಅಕ್ಕ," ಎಂದರು. ಅಮ್ಮ ಗ್ರೈಂಡರಿನ ಪಕ್ಕದಲ್ಲೇ ನಿಂತಿದ್ದಳು. ಇತ್ತೀಚೆಗೆ ಅವಳಿಗೆ ಮರೆವು; ನಮ್ಮ ಹಳೆಯ ವೈರ್‌ಮನ್ ಹೋದದ್ದೂ ನೆನಪಿಲ್ಲ. ಹಿಟ್ಟಿನ ಕೈ ಹಿಂದೆಳೆದುಕೊಂಡು ನನ್ನ ಮುಖ ನೋಡಿದಳು.

"ಅವ್ರು ಮುಟ್ಟಿ ನೋಡಿದ್ರೇನೇ?"

ನಾನು ಬಕೆಟ್ಟಿನಲ್ಲಿ ಕೈ ಅದ್ದಿ, ಪ್ಲೇಟಿನ ಮೇಲೆ ಪೂರ್ತಿ ಅಂಗೈ ಇಟ್ಟೆ. ತಣ್ಣಗಿತ್ತು.

"ನೋಡಿದ್ರು. ಹಾಕಮ್ಮ," ಎಂದೆ.